ರಾಜ್ಯ ಆರಿಸಿಕೊಂಡು ಹೋದವರು: ಕಾನ್ಸಾಸ್‌ನಿಂದ ನ್ಯೂ ಹ್ಯಾಂಪ್‌ಶೈರ್‌ವರೆಗೆ

ಅಮೆರಿಕ ಸಂಯುಕ್ತ ಸಂಸ್ಥಾನದ ಐವತ್ತು ರಾಜ್ಯಗಳಿಗೂ ತಮ್ಮ ತಮ್ಮ ದಂಡಸಂಹಿತೆ, ತೆರಿಗೆ ಪದ್ಧತಿ, ಶಾಲಾ ವ್ಯವಸ್ಥೆ, ಬಂದೂಕು ಇಟ್ಟುಕೊಳ್ಳುವ ನಿಯಮಗಳು ಇರುವುದರಿಂದ, ಗಡಿ ದಾಟಿ ನೆಲೆಸಿದವನ ದಿನನಿತ್ಯದ ಬದುಕಿಗೆ ಬೇರೊಂದು ಕಾನೂನು ಅನ್ವಯವಾಗತೊಡಗುತ್ತದೆ. ಕರ್ನಾಟಕದಿಂದ ಕೇರಳಕ್ಕೆ ಹೋಗಿ ನೆಲೆಸಿದವನು ಕಟ್ಟುವ ಆದಾಯ ತೆರಿಗೆಯಾಗಲಿ, ಕೊಲೆ ಕಳವುಗಳಿಗೆ ಅನ್ವಯಿಸುವ ಕಲಮುಗಳಾಗಲಿ ಬದಲಾಗುವುದಿಲ್ಲ. ಮ್ಯಾಸಚೂಸೆಟ್ಸ್ ಬಿಟ್ಟು ಪಕ್ಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಮನೆ ಮಾಡಿ ಅಲ್ಲಿಯೇ ದುಡಿಯುವವನಿಗಾದರೋ ಸಂಬಳದ ಮೇಲಿನ ರಾಜ್ಯ ತೆರಿಗೆಯೂ ಇಲ್ಲ, ಅಂಗಡಿಯಲ್ಲಿ ಸಾಮಾನ್ಯ ಮಾರಾಟ ತೆರಿಗೆಯೂ ಇಲ್ಲ. ಆದ್ದರಿಂದ ತನ್ನ ಜೀವನಕ್ರಮಕ್ಕೂ ರಾಜಕೀಯ ನಿಲುವಿಗೂ ಒಗ್ಗುವ ರಾಜ್ಯವನ್ನು ಹುಡುಕಿಕೊಂಡು ಹೋಗುವ ರೂಢಿ ಆ ದೇಶದಲ್ಲಿ ಹೊಸದೇನಲ್ಲ. ಹಾಗೆ ಹೋದವರಲ್ಲಿ ಎರಡು ಬಗೆ: ಹೋದ ಕಡೆಯ ಆಡಳಿತವನ್ನು ತಮ್ಮ ಮತಬಲದಿಂದ ಬದಲಿಸುತ್ತೇವೆಂದು ಸಾರಿ ಹೊರಟವರು ಒಂದು ಬಗೆ, ನೆಲಕ್ಕೋ ನೆಮ್ಮದಿಗೋ ಹೊರಟು ಕಾಲಕ್ರಮದಲ್ಲಿ ಅಲ್ಲಿನ ರಾಜಕೀಯವನ್ನೇ ಬೇರೆ ಮಾಡಿದವರು ಇನ್ನೊಂದು ಬಗೆ. ಚರಿತ್ರೆ ಮೊದಲ ಬಗೆಯವರ ಹೆಸರನ್ನು ಹೆಚ್ಚು ನೆನಪಿಟ್ಟುಕೊಂಡಿದೆಯಾದರೂ ಕೆಲಸವಾದದ್ದು ಬಹುಮಟ್ಟಿಗೆ ಎರಡನೆಯವರಿಂದ.

1854ರ ಮೇ 30ರಂದು ಜಾರಿಗೆ ಬಂದ ಕಾನ್ಸಾಸ್-ನೆಬ್ರಾಸ್ಕಾ ಕಾಯ್ದೆಯು, ಆ ಎರಡು ಟೆರಿಟರಿಗಳಲ್ಲಿ, ಅಂದರೆ ಇನ್ನೂ ರಾಜ್ಯದ ದರ್ಜೆ ಪಡೆಯದೆ ಕೇಂದ್ರದ ಅಧೀನದಲ್ಲಿದ್ದ ಪ್ರದೇಶಗಳಲ್ಲಿ, ಗುಲಾಮಗಿರಿ ಇರಬೇಕೇ ಬೇಡವೇ ಎಂಬುದನ್ನು ಅಲ್ಲಿ ನೆಲೆಸಿದವರೇ ಮತ ಹಾಕಿ ತೀರ್ಮಾನಿಸಲಿ ಎಂದಿತು. ತೀರ್ಮಾನವನ್ನು ನಿವಾಸಿಗಳಿಗೆ ಬಿಟ್ಟ ಮೇಲೆ ನಿವಾಸಿಗಳನ್ನೇ ಸಾಗಿಸಿದರಾಯಿತಲ್ಲವೇ ಎಂಬ ಯೋಚನೆ ಎರಡೂ ಕಡೆಯವರಿಗೆ ಹೊಳೆಯಲು ತಡವಾಗಲಿಲ್ಲ. ಮ್ಯಾಸಚೂಸೆಟ್ಸ್‌ನ ಶಾಸಕನೂ ಶಿಕ್ಷಕನೂ ಆಗಿದ್ದ ಈಲೈ ಥೇಯರ್ ಇದಕ್ಕಾಗಿ ಕಂಪನಿಯನ್ನೇ ಕಟ್ಟಿದನು. ಮುಂದೆ ನ್ಯೂ ಇಂಗ್ಲೆಂಡ್ ಎಮಿಗ್ರಂಟ್ ಏಡ್ ಕಂಪನಿ ಎಂದು ಹೆಸರಾದ ಈ ಸಂಸ್ಥೆ, ತಂಡ ಕಟ್ಟಿಕೊಂಡು ಹೊರಡುವವರಿಗೆ ಪ್ರಯಾಣದ ದರದಲ್ಲಿ ರಿಯಾಯಿತಿ ಕೊಡಿಸುತ್ತ, ಹೋದ ಕಡೆ ಮರ ಕೊಯ್ಯುವ ಆವಿ ಯಂತ್ರ ಮತ್ತು ಹೋಟೆಲುಗಳಿಗೆ ಬಂಡವಾಳ ಹೂಡುತ್ತ, ಗುಲಾಮಗಿರಿಯ ವಿರೋಧ ಮತ್ತು ಷೇರುದಾರರ ಲಾಭ ಎರಡನ್ನೂ ಒಂದೇ ಲೆಕ್ಕದ ಪುಸ್ತಕದಲ್ಲಿ ಬರೆಯಲು ಹವಣಿಸಿತು. ಅದರ ಖಜಾಂಚಿಯಾಗಿದ್ದ ಬಟ್ಟೆ ವ್ಯಾಪಾರಿ ಏಮಸ್ ಲಾರೆನ್ಸ್‌ನ ಹೆಸರನ್ನೇ ವಲಸಿಗರು ತಮ್ಮ ಊರಿಗೆ ಇಟ್ಟರು. (ಷೇರುದಾರರಿಗೆ ಲಾಭ ದಕ್ಕಲಿಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡಬಹುದು.)

ಎದುರು ಪಕ್ಷಕ್ಕೆ ಇಷ್ಟು ಖರ್ಚಿನ ಅಗತ್ಯವಿರಲಿಲ್ಲ, ಏಕೆಂದರೆ ಗುಲಾಮಗಿರಿ ಇದ್ದ ಮಿಸೌರಿ ರಾಜ್ಯ ಕಾನ್ಸಾಸ್‌ಗೆ ತಾಗಿಕೊಂಡೇ ಇತ್ತು. 1855ರ ಆರಂಭದಲ್ಲಿ ನಡೆದ ಜನಗಣತಿಯ ಪ್ರಕಾರ ಟೆರಿಟರಿಯಲ್ಲಿದ್ದ ಅರ್ಹ ಮತದಾರರು 2,905. ಅದೇ ವರ್ಷದ ಮಾರ್ಚ್ 30ರ ಚುನಾವಣೆಯಲ್ಲಿ ಬಿದ್ದ ಮತಗಳು 6,307. ಮಿಸೌರಿಯಿಂದ ಗುಂಪುಗುಂಪಾಗಿ ಗಡಿ ದಾಟಿ ಬಂದವರು ಮತ ಹಾಕಿ ಮನೆಗೆ ಮರಳಿದ್ದರು. ನಿವಾಸಿ ಎಂದರೆ ಯಾರು ಎಂಬ ಪ್ರಶ್ನೆ ಅಂದು ಹುಟ್ಟಿಕೊಂಡದ್ದು, ಈ ರೂಢಿಯ ಬೆನ್ನು ಬಿಡದೆ ಮುಂದಿನ ನೂರೈವತ್ತು ವರ್ಷವೂ ನಡೆದುಬಂತು. 1856ರ ಮೇ 21ರಂದು ಗುಲಾಮಗಿರಿಯ ಪರವಾದ ದಂಡು ಲಾರೆನ್ಸ್ ಊರಿಗೆ ನುಗ್ಗಿ ಕಂಪನಿಯ ಹೋಟೆಲನ್ನು ಸುಟ್ಟು ಪತ್ರಿಕೆಗಳ ಮುದ್ರಣಾಲಯಗಳನ್ನು ಹಾಳುಗೆಡವಿತು. ಮೂರೇ ದಿನಗಳಲ್ಲಿ ಗುಲಾಮಗಿರಿಯ ಕಡು ವಿರೋಧಿ ಜಾನ್ ಬ್ರೌನ್‌ನ ತಂಡ ಪಾಟವಾಟಮಿ ತೊರೆಯ ಬಳಿ ಐವರನ್ನು ಕೊಂದು ಸೇಡು ತೀರಿಸಿಕೊಂಡಿತು. ಇಷ್ಟಾಗಿಯೂ 1861ರ ಜನವರಿ 29ರಂದು ಕಾನ್ಸಾಸ್ ಗುಲಾಮಗಿರಿ ಇಲ್ಲದ ರಾಜ್ಯವಾಗಿಯೇ ಒಕ್ಕೂಟವನ್ನು ಸೇರಿತು. ಆದರೆ ಆ ಹೊತ್ತಿಗೆ ಲಕ್ಷ ದಾಟಿದ್ದ ಅಲ್ಲಿನ ಜನಸಂಖ್ಯೆಯಲ್ಲಿ ಥೇಯರ್‌ನ ನಾಡಾದ ನ್ಯೂ ಇಂಗ್ಲೆಂಡಿನಲ್ಲಿ ಹುಟ್ಟಿದವರು ಸಣ್ಣ ಪಾಲು. ಫಲಿತಾಂಶವನ್ನು ನಿರ್ಧರಿಸಿದವರು ಓಹಾಯೊ, ಇಂಡಿಯಾನ, ಇಲಿನಾಯ್ ಕಡೆಗಳಿಂದ ಜಮೀನಿಗಾಗಿ ಬಂದ ರೈತರು. ಗುಲಾಮರ ದುಡಿಮೆಯೊಂದಿಗೆ ಪೈಪೋಟಿ ನಡೆಸಿ ಬೇಸಾಯ ಮಾಡುವುದು ಅವರಿಗೆ ಬೇಡವಾಗಿತ್ತು, ಗುಲಾಮರ ಮೇಲಿನ ಮರುಕ ಅವರಲ್ಲಿ ಹಲವರಿಗೆ ಅಷ್ಟಕ್ಕಷ್ಟೆ. ಹಾಗೆ ಅವರಿಗೆ ದೊರೆತ ಜಮೀನು ಶಾನಿ, ಡೆಲವೇರ್, ಕಾನ್ಸಾ ಮೊದಲಾದ ಮೂಲನಿವಾಸಿ ಜನಾಂಗಗಳಿಂದ ಕಿತ್ತುಕೊಂಡದ್ದೆಂಬುದು ಆ ಕಾಲದ ಎರಡೂ ಪಕ್ಷಗಳ ಭಾಷಣಗಳಲ್ಲಿ ವಿವಾದದ ವಿಷಯವೇ ಆಗಲಿಲ್ಲ.

ಗುಲಾಮಗಿರಿಯಿಲ್ಲದ ನಾಡೆಂದು ಕಾನ್ಸಾಸ್ ಗಳಿಸಿದ ಹೆಸರು ಇಪ್ಪತ್ತು ವರ್ಷಗಳ ಬಳಿಕ ಬೇರೆಯವರನ್ನು ಕರೆಯಿತು. ಅಂತರ್ಯುದ್ಧದ ನಂತರ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರ ಹಕ್ಕುಗಳನ್ನು ಕಾಯುತ್ತಿದ್ದ ಕೇಂದ್ರದ ಸೇನೆ 1877ರಲ್ಲಿ ಆ ಹೊಣೆಯನ್ನು ಕೈಬಿಟ್ಟ ಮೇಲೆ, ಮತ ಹಾಕಲು ಹೋದರೆ ಪ್ರಾಣಕ್ಕೇ ಕುತ್ತು, ಗೇಣಿಗೆ ದುಡಿದರೆ ಸಾಲವೇ ಉಳಿತಾಯ ಎಂಬ ಸ್ಥಿತಿಯಲ್ಲಿ ಲೂಸಿಯಾನ ಮತ್ತು ಮಿಸಿಸಿಪಿಯ ಸಾವಿರಾರು ಕುಟುಂಬಗಳು 1879ರಲ್ಲಿ ನದಿಯ ದೋಣಿಗಳನ್ನು ಹತ್ತಿ ಕಾನ್ಸಾಸ್‌ನ ದಾರಿ ಹಿಡಿದವು. ಬೈಬಲಿನಲ್ಲಿ ಇಸ್ರೇಲಿನ ಜನ ಈಜಿಪ್ಟಿನ ದಾಸ್ಯದಿಂದ ಹೊರಟ ‘ಎಕ್ಸೊಡಸ್’ ಪ್ರಸಂಗವನ್ನು ನೆನೆದು ಇವರನ್ನು ಎಕ್ಸೊಡಸ್ಟರ್‌ಗಳೆಂದು ಕರೆಯಲಾಯಿತು. ಟೆನಸಿಯ ಬಡಗಿ ಬೆಂಜಮಿನ್ ಸಿಂಗಲ್ಟನ್ ಇಂಥ ವಲಸೆಗೆ ಮೊದಲಿನಿಂದಲೂ ಪ್ರಚಾರ ನಡೆಸಿದ್ದನು. 1877ರಲ್ಲಿ ಕಪ್ಪು ಜನರೇ ಕಟ್ಟಿಕೊಂಡ ನಿಕೋಡೀಮಸ್ ಎಂಬ ಊರು ಇಂದಿಗೂ ಅಲ್ಲಿದೆ. ಜೀವನೋಪಾಯಕ್ಕೆ ಹೊರಟವರು, ರಾಜಕೀಯಕ್ಕೆ ಹೊರಟವರು ಎಂಬ ವಿಂಗಡಣೆ ಈ ಜನರ ಮಟ್ಟಿಗೆ ನಿಲ್ಲುವುದಿಲ್ಲ, ಏಕೆಂದರೆ ಅವರ ಕೂಲಿಯನ್ನೂ ಮತವನ್ನೂ ಕಸಿದುಕೊಂಡವರು ಒಬ್ಬರೇ ಆಗಿದ್ದರು.

ಇಪ್ಪತ್ತನೆಯ ಶತಮಾನದಲ್ಲಿ ಈ ರೂಢಿ ಈಶಾನ್ಯದ ಸಣ್ಣ ಗುಡ್ಡಗಾಡು ರಾಜ್ಯ ವರ್ಮಾಂಟ್‌ಗೆ ಬಂದದ್ದು ಸದ್ದಿಲ್ಲದೆ. ಯುದ್ಧವಿರೋಧಿ ನಿಲುವುಗಳಿಗಾಗಿ ವಿಶ್ವವಿದ್ಯಾಲಯಗಳಲ್ಲಿ ಎಲ್ಲಿಯೂ ನೆಲೆ ಸಿಗದ ಅರ್ಥಶಾಸ್ತ್ರಜ್ಞ ಸ್ಕಾಟ್ ನಿಯರಿಂಗ್ ಮತ್ತು ಅವನ ಸಂಗಾತಿ ಹೆಲೆನ್ 1932ರಲ್ಲಿ ಅಲ್ಲಿಗೆ ಹೋಗಿ, ಕಲ್ಲಿನ ಮನೆ ಕಟ್ಟಿಕೊಂಡು, ಮೇಪಲ್ ಮರದ ರಸವನ್ನು ಕಾಯಿಸಿ ಪಾಕ ಮಾಡಿ ಮಾರಿ ಇಪ್ಪತ್ತು ವರ್ಷ ಬದುಕಿದರು. ಆ ಬದುಕನ್ನು ಕುರಿತ ಅವರ 1954ರ ಪುಸ್ತಕ 1970ರಲ್ಲಿ ಮರುಮುದ್ರಣಗೊಂಡು ನಗರದ ತರುಣರ ಕೈಪಿಡಿಯಾಯಿತು. ಆ ತರುಣರಿಗೆ ಅಗ್ಗದ ಜಮೀನು ದೊರೆಯಲು ಕಾರಣ ಬೇರೆಯೇ ಇತ್ತು. 1950ರ ದಶಕದಲ್ಲಿ ಡೇರಿಗಳು ಕ್ಯಾನುಗಳಲ್ಲಿ ಹಾಲು ಕೊಳ್ಳುವುದನ್ನು ನಿಲ್ಲಿಸಿ, ಪ್ರತಿಯೊಬ್ಬ ರೈತನೂ ಹಾಲು ತಣ್ಣಗಿಡುವ ದೊಡ್ಡ ಉಕ್ಕಿನ ತೊಟ್ಟಿಯನ್ನು ಹಾಕಿಸಲೇಬೇಕೆಂದು ಪಟ್ಟು ಹಿಡಿದವು. ಹತ್ತಿಪ್ಪತ್ತು ಹಸು ಕಟ್ಟಿಕೊಂಡಿದ್ದವರಿಗೆ ಆ ಖರ್ಚು ನೀಗದೆ ಕೊಟ್ಟಿಗೆಗಳು ಖಾಲಿಯಾದವು. ಅದೇ ಹೊತ್ತಿಗೆ ಬಂದ ಹೆದ್ದಾರಿಗಳು ನ್ಯೂಯಾರ್ಕ್, ಬಾಸ್ಟನ್ ನಗರಗಳನ್ನು ಹತ್ತಿರ ಮಾಡಿದವು. 1960ರಲ್ಲಿ 3.9 ಲಕ್ಷವಿದ್ದ ರಾಜ್ಯದ ಜನಸಂಖ್ಯೆ 1980ಕ್ಕೆ 5.1 ಲಕ್ಷವಾಯಿತು.

ಈ ವಲಸೆಗೆ ಕಾಗದದ ಮೇಲೆ ಒಂದು ಯೋಜನೆಯೂ ಹುಟ್ಟಿತ್ತು. ಯೇಲ್ ಕಾನೂನು ಶಾಲೆಯ ಜೇಮ್ಸ್ ಬ್ಲಮ್‌ಸ್ಟೀನ್ ಮತ್ತು ಜೇಮ್ಸ್ ಫೆಲಾನ್, ಹೊಸ ಬದುಕು ಬಯಸುವವರೆಲ್ಲ ಸಣ್ಣ ರಾಜ್ಯವೊಂದಕ್ಕೆ ಗುಳೆ ಹೋಗಿ ಚುನಾವಣೆಯ ಮೂಲಕವೇ ಅದರ ಆಡಳಿತವನ್ನು ಕೈಗೆ ತೆಗೆದುಕೊಳ್ಳಬಹುದೆಂದು 1971ರಲ್ಲಿ ಪ್ರಕಟವಾದ ಲೇಖನದಲ್ಲಿ ವಾದಿಸಿದರು; ಮರುವರ್ಷ ಪ್ಲೇಬಾಯ್ ಮಾಸಪತ್ರಿಕೆ ಆ ರಾಜ್ಯ ವರ್ಮಾಂಟ್ ಆಗಬಹುದೆಂದು ಬರೆದು ಅಲ್ಲಿನ ಹಳಬರ ನಿದ್ದೆ ಕೆಡಿಸಿತು. ಇದೇ ಬ್ಲಮ್‌ಸ್ಟೀನ್ 1970ರಲ್ಲಿ ಅಧ್ಯಾಪಕನಾಗಿ ಟೆನಸಿಗೆ ಹೋದಾಗ, ಒಂದು ವರ್ಷ ರಾಜ್ಯದಲ್ಲಿಯೂ ಮೂರು ತಿಂಗಳು ಕೌಂಟಿಯಲ್ಲಿಯೂ ವಾಸವಾಗಿರದೆ ಮತದಾರರ ಪಟ್ಟಿಗೆ ಸೇರುವಂತಿಲ್ಲವೆಂದು ಅವನ ಅರ್ಜಿ ತಿರಸ್ಕೃತವಾಯಿತು. (ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕ.) ಅವನು ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟ್ 1972ರ ಮಾರ್ಚ್‌ನಲ್ಲಿ ಇಂಥ ದೀರ್ಘ ಕಾಯುವಿಕೆಯ ನಿಯಮವನ್ನು ರದ್ದುಪಡಿಸಿ, ಮೂವತ್ತು ದಿನಗಳಷ್ಟು ಅವಧಿ ಸಾಕೆಂದು ಸೂಚಿಸಿತು, ಆದರೆ ಮತ ಹಾಕುವವನು ನೈಜ ನಿವಾಸಿಯೇ ಎಂದು ಪರಿಶೀಲಿಸುವ ಅಧಿಕಾರವನ್ನು ರಾಜ್ಯಗಳಿಗೇ ಉಳಿಸಿತು. ಲೇಖನಕ್ಕಿಂತ ಈ ತೀರ್ಪಿನಿಂದಲೇ ಅವನು ಮುಂದಿನ ರಾಜಕೀಯ ವಲಸಿಗರಿಗೆ ದೊಡ್ಡ ಉಪಕಾರ ಮಾಡಿದನೆನ್ನಬೇಕು.

ವರ್ಮಾಂಟ್‌ನಲ್ಲಿ ಆಕ್ರಮಣ ನಡೆಯಲಿಲ್ಲ, ಬದಲಾವಣೆ ಮಾತ್ರ ನಡೆಯಿತು. 1856ರಿಂದ 1988ರವರೆಗೆ 1964ರ ಒಂದು ಚುನಾವಣೆ ಬಿಟ್ಟು ಅಧ್ಯಕ್ಷ ಪದವಿಗೆ ರಿಪಬ್ಲಿಕನ್ನರನ್ನೇ ಆರಿಸುತ್ತಿದ್ದ ರಾಜ್ಯ 1992ರಿಂದ ಡೆಮಾಕ್ರಟರ ಕಡೆ ನಿಂತಿತು. ಬ್ರೂಕ್ಲಿನ್‌ನಲ್ಲಿ ಹುಟ್ಟಿ 1968ರಲ್ಲಿ ಅಲ್ಲಿಗೆ ಬಂದು ನೆಲೆಸಿದ ಸಮಾಜವಾದಿ ಬರ್ನಿ ಸ್ಯಾಂಡರ್ಸ್, 1970ರ ದಶಕದಲ್ಲಿ ನಿಂತ ಚುನಾವಣೆಗಳನ್ನೆಲ್ಲ ಸೋತು, 1981ರಲ್ಲಿ ಹತ್ತೇ ಮತಗಳ ಅಂತರದಿಂದ ಬರ್ಲಿಂಗ್‌ಟನ್ ನಗರದ ಮೇಯರ್ ಆದರು. 2000ದಲ್ಲಿ ಸಲಿಂಗಿ ಜೋಡಿಗಳಿಗೆ ವಿವಾಹಕ್ಕೆ ಸಮನಾದ ಕಾನೂನು ಮಾನ್ಯತೆ ಸಿಕ್ಕಾಗ, ‘ವರ್ಮಾಂಟನ್ನು ಮರಳಿ ಪಡೆಯಿರಿ’ ಎಂಬ ಬರಹಗಳು ಹಳಬರ ಕೊಟ್ಟಿಗೆಗಳ ಗೋಡೆಗಳ ಮೇಲೆ ಕಾಣಿಸಿಕೊಂಡವು.

ನೈಜ ನಿವಾಸಿಯ ಪ್ರಶ್ನೆಗೆ ಅತಿ ವಿಕಾರವಾದ ಉತ್ತರ ಬಂದದ್ದು ಓರೆಗನ್ನಿನಲ್ಲಿ, ಅದೂ ಭಾರತದಿಂದ ಹೋದ ಆಶ್ರಮದಿಂದ. 1981ರಲ್ಲಿ ಪುಣೆಯಿಂದ ಹೊರಟ ರಜನೀಶರ ಅನುಯಾಯಿಗಳು ವಾಸ್ಕೊ ಕೌಂಟಿಯ ಸುತ್ತಮುತ್ತ 64,000 ಎಕರೆಯ ಜಾನುವಾರು ಫಾರಂ ಕೊಂಡು, ಪಕ್ಕದ ಪುಟ್ಟ ಊರು ಆಂಟಲೋಪ್‌ನ ಆಡಳಿತವನ್ನು ಮತಬಲದಿಂದಲೇ ವಶಪಡಿಸಿಕೊಂಡರು. 1984ರ ಕೌಂಟಿ ಚುನಾವಣೆಗೆ ಮುನ್ನ ದೊಡ್ಡ ನಗರಗಳಿಂದ ಮನೆಯಿಲ್ಲದ ಸಾವಿರಾರು ಜನರನ್ನು ಬಸ್ಸುಗಳಲ್ಲಿ ಕರೆತಂದರು. ಸ್ಥಳೀಯ ಮತದಾರರು ಹಾಸಿಗೆ ಹಿಡಿಯಲೆಂದು ದ ಡ್ಯಾಲ್ಸ್ ಪಟ್ಟಣದ ಹೋಟೆಲುಗಳಲ್ಲಿ ಹಸಿ ತರಕಾರಿಯ ತಟ್ಟೆಗಳಿಗೆ ರೋಗಾಣು ಬೆರೆಸಿದ ಪರಿಣಾಮ 751 ಜನ ಕಾಯಿಲೆ ಬಿದ್ದರು. ಅಧಿಕಾರಿಗಳು ಹೊಸ ಮತದಾರರ ನೋಂದಣಿಯನ್ನು ತಡೆಹಿಡಿದರು, ಸಂಚು ನೆಲಕಚ್ಚಿತು.

2001ರಲ್ಲಿ ಯೇಲ್‌ನ ಸಂಶೋಧನ ವಿದ್ಯಾರ್ಥಿ ಜೇಸನ್ ಸೋರನ್ಸ್ ಹಳೆಯ ಯೋಜನೆಯನ್ನು ಎದುರು ದಿಕ್ಕಿನಿಂದ ಎತ್ತಿಕೊಂಡನು. ಸರ್ಕಾರದ ಕೆಲಸ ಆದಷ್ಟು ಕಡಿಮೆ ಇರಬೇಕೆನ್ನುವ ಲಿಬರ್ಟೇರಿಯನ್ ಮತದವರು ಇಪ್ಪತ್ತು ಸಾವಿರ ಮಂದಿ ಒಂದೇ ರಾಜ್ಯಕ್ಕೆ ಹೋಗುವ ಸಂಕಲ್ಪ ಮಾಡಲಿ ಎಂದ ಅವನ ‘ಫ್ರೀ ಸ್ಟೇಟ್ ಪ್ರಾಜೆಕ್ಟ್’, ಕಡಿಮೆ ಜನಸಂಖ್ಯೆಯ ಹತ್ತು ರಾಜ್ಯಗಳ ಪಟ್ಟಿಯನ್ನು ಸದಸ್ಯರ ಮುಂದಿಟ್ಟಿತು. 2003ರ ಮತದಾನದಲ್ಲಿ ವಯೋಮಿಂಗ್ ಎರಡನೆಯದಾಗಿ ನ್ಯೂ ಹ್ಯಾಂಪ್‌ಶೈರ್ ಗೆದ್ದಿತು. ತೆರಿಗೆಯ ಆಕರ್ಷಣೆಯ ಜೊತೆಗೆ ಅಲ್ಲಿನ ಕೆಳಸದನದಲ್ಲಿ 400 ಸ್ಥಾನಗಳಿದ್ದವು. ಹದಿಮೂರು ಲಕ್ಷದ ಆಸುಪಾಸಿನ ಜನಕ್ಕೆ ಇಷ್ಟು ಶಾಸಕರು, ಅವರ ವಾರ್ಷಿಕ ಸಂಬಳ 100 ಡಾಲರು. ಒಂದು ಬಡಾವಣೆಯ ಪರಿಚಯವಿದ್ದವನೂ ಗೆದ್ದು ಬರಬಹುದಾದ ಸಭೆಯದು. 2016ರ ಫೆಬ್ರವರಿಯಲ್ಲಿ ಇಪ್ಪತ್ತು ಸಾವಿರದ ಗುರಿ ಮುಟ್ಟಿತು, ಆದರೆ ಅಷ್ಟರಲ್ಲಿ ನಿಜವಾಗಿ ಬಂದು ನೆಲೆಸಿದ್ದವರು ಎರಡು ಸಾವಿರದ ಸುಮಾರು. ಅವರಲ್ಲಿ ಹಲವರು ಶಾಸಕರಾದರು.

ಈ ರಾಜ್ಯದ ಸಣ್ಣ ಊರುಗಳು ವರ್ಷಕ್ಕೊಮ್ಮೆ ಟೌನ್ ಮೀಟಿಂಗ್ ನಡೆಸುತ್ತವೆ. ಬಂದ ಮತದಾರರೆಲ್ಲ ಕೂತು ಬಜೆಟ್ಟಿಗೆ ನೇರವಾಗಿ ಮತ ಹಾಕುವ ಸಭೆಯಿದು. 2022ರ ಮಾರ್ಚ್‌ನಲ್ಲಿ, ಎಂಟುನೂರರ ಆಸುಪಾಸಿನ ಜನರಿರುವ ಕ್ರಾಯ್ಡನ್ ಎಂಬ ಊರಿನಲ್ಲಿ, ಈ ಚಳವಳಿಯ ನಂಟಿದ್ದ ನಿವಾಸಿಯೊಬ್ಬರು ಹದಿನೇಳು ಲಕ್ಷ ಡಾಲರಿನ ಶಾಲಾ ಬಜೆಟ್ಟನ್ನು ಎಂಟು ಲಕ್ಷಕ್ಕೆ ಇಳಿಸುವ ತಿದ್ದುಪಡಿ ತಂದರು. ಸಭೆಗೆ ಬಂದದ್ದೇ ಕೆಲವರಾದ್ದರಿಂದ ಅದು 20-14 ಮತಗಳಿಂದ ಅಂಗೀಕಾರವಾಯಿತು. ನಿರ್ಣಯವನ್ನು ಬದಲಿಸಲು ವಿಶೇಷ ಸಭೆ ಕರೆಯಬೇಕು, ಅದು ಊರ್ಜಿತವಾಗಲು ಊರಿನ ಮತದಾರರಲ್ಲಿ ಅರ್ಧದಷ್ಟು ಜನ ಹಾಜರಿರಬೇಕು ಎಂಬ ನಿಯಮವಿತ್ತು. ಕಡಿತದ ಪರವಿದ್ದವರು ಕೋರಂ ಆಗದಿರಲೆಂದು ಜನರನ್ನು ಮನೆಯಲ್ಲೇ ಉಳಿಯುವಂತೆ ಕೇಳಿಕೊಂಡರು. ಕಡಿತವನ್ನು ವಿರೋಧಿಸಿದವರು ಹೊಸಬರು ಹಳಬರೆನ್ನದೆ, ಪಕ್ಷಭೇದವಿಲ್ಲದೆ ಮನೆಮನೆಗೆ ಹೋಗಿ ಜನರನ್ನು ಸಭೆಗೆ ಕರೆದರು. ಮೇ 7ರಂದು ಸೇರಿದ ಸಭೆಯಲ್ಲಿ ಹಳೆಯ ಬಜೆಟ್ಟನ್ನು ಮರುಸ್ಥಾಪಿಸುವ ಪರವಾಗಿ 377, ವಿರುದ್ಧವಾಗಿ 2 ಮತಗಳು ಬಿದ್ದವು.