ಹಿಮದಡಿ ಹೋದ ಊರು

ನಮ್ಮ ರಾಮಸಮುದ್ರದ ಹೆಸರಿನಲ್ಲಿ ಸಮುದ್ರವಿದೆ, ಕಡಲಿಲ್ಲ. ಪಡುವಣಕ್ಕೆ ಹೋದರೂ ಮೂಡಣಕ್ಕೆ ಹೋದರೂ ಉಪ್ಪುನೀರು ಮುನ್ನೂರು ಕಿಲೋಮೀಟರಿಗಿಂತ ದೂರ. ಕನ್ನಡ ನಾಡಿನ ಹಳೆಯ ರೂಢಿಯಲ್ಲಿ ದೊಡ್ಡ ಕೆರೆಯನ್ನು ಸಮುದ್ರ ಎಂದೇ ಕರೆದರು. ಹೊಯ್ಸಳರ ರಾಜಧಾನಿ ದೋರಸಮುದ್ರವಾದದ್ದು ಹಾಗೆ. ಇಂಥ ಊರಿನ ಕಾಕಾ ಒಬ್ಬರು, ನಿವೃತ್ತ ಮಾಸ್ತರರು, ಸಿಯಾಟಲ್‌ನಲ್ಲಿರುವ ಮಗನ ಮನೆಗೆ ಹೋದವರು ಏಳು ದಿನದ ಅಲಾಸ್ಕಾ ಹಡಗು ಪ್ರಯಾಣ ಮುಗಿಸಿ ಬಂದರು. ಅಮೆರಿಕದಲ್ಲಿರುವ ನಮ್ಮ ಮಕ್ಕಳು ಊರಿಂದ ಬಂದ ಅಪ್ಪ ಅವ್ವನಿಗೆ ನಯಾಗರ ತೋರಿಸುವುದು ಹಿಂದಿನಿಂದ ಬಂದದ್ದು. ಈಗ ಅದಕ್ಕೆ ಅಲಾಸ್ಕಾವೂ ಸೇರಿದೆ.

ಹಡಗಿನಲ್ಲಿ ಜ್ವಾಳದ ರೊಟ್ಟಿಯೊಂದನ್ನು ಬಿಟ್ಟು ಎಲ್ಲವೂ ಇತ್ತಂತೆ. ತಿಮಿಂಗಿಲದ ಬಾಲ, ಬಂಡೆಯ ಮೇಲೆ ಮಲಗಿದ ಸೀಲ್‌ಗಳು, ಗುಡುಗಿನ ಸದ್ದು ಮಾಡಿ ಕಡಲಿಗೆ ಕಳಚಿ ಬೀಳುವ ನೀಲಿ ಹಿಮದ ಗೋಡೆ, ಎಲ್ಲವನ್ನೂ ಮೊಬೈಲಿನಲ್ಲಿ ತೋರಿಸಿದರು. ಕೊನೆಗೆ ಒಂದು ಮಾತು ಕೇಳಿದರು: ‘ಅಷ್ಟು ದೊಡ್ಡ ದಂಡಿ, ಅಷ್ಟು ಮೀನ. ಅಲ್ಲಿ ಒಂದು ಊರರೆ ಇರಬೇಕಲ್ಲ? ಯಾವೂರು ಮುಳುಗ್ಯಾದ ಅಲ್ಲಿ?’

ಬೇರೆ ಯಾರೇ ಆಗಿದ್ದರೂ ಈ ಪ್ರಶ್ನೆ ಕೇಳುತ್ತಿರಲಿಲ್ಲವೇನೋ. ಕಾಕಾ ಅವರ ಅಕ್ಕನನ್ನು ಕೊಟ್ಟ ಊರು ಕೃಷ್ಣೆಯ ದಂಡೆಯಲ್ಲಿತ್ತು. 1982ರಲ್ಲಿ ಮುಗಿದ ನಾರಾಯಣಪುರದ ಬಸವಸಾಗರದ ಹಿನ್ನೀರಿನಲ್ಲಿ ಹೋಯಿತು. ಆ ಜಲಾಶಯ ನೋಡಲು ಈಗ ಜನ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಅಕ್ಕ ಮಾತ್ರ ಒಮ್ಮೆಯೂ ಹೋಗಲಿಲ್ಲ. ಚೆಂದದ ನೀರು ಕಂಡಾಗ ಅದರ ಅಡಿಯಲ್ಲಿ ಏನಿದೆ ಎಂದು ಕೇಳುವುದು ಮುಳುಗಡೆಯ ಸೀಮೆಯವರ ಅಭ್ಯಾಸ. ಕಾಕಾನ ಪ್ರಶ್ನೆ ಹಿಡಿದುಕೊಂಡು ನಾನು ಓದುತ್ತ ಹೋದೆ. ಊರು ಇತ್ತು. ಮುಳುಗಿದ್ದೂ ನಿಜ, ಆದರೆ ನೀರಿನಲ್ಲಲ್ಲ.

ಕಾಕಾನ ಹಡಗು ಹೊಕ್ಕ ಜಾಗದ ಹೆಸರು ಗ್ಲೇಸಿಯರ್ ಬೇ, ಎಂದರೆ ಹಿಮನದಿಯ ಕೊಲ್ಲಿ. ಇನ್ನೂರೈವತ್ತು ಮುನ್ನೂರು ವರ್ಷದ ಹಿಂದೆ ಅಲ್ಲಿ ಕೊಲ್ಲಿಯೇ ಇರಲಿಲ್ಲ. ಹುಲ್ಲು, ತೊರೆ, ಸಾಲ್ಮನ್ ಮೀನು ತುಂಬಿದ ಬಯಲಿತ್ತು. ಅದರಲ್ಲಿ ಹೂನಾ ಟ್ಲಿಂಗಿಟ್ ಜನರ ಊರುಗಳಿದ್ದವು. ಬಯಲಿನ ತುದಿಯಲ್ಲಿ ಹಿಮನದಿ ಇತ್ತು. ಹದಿನೆಂಟನೆಯ ಶತಮಾನದ ಮೊದಲ ಅರ್ಧದಲ್ಲಿ, ಭೂಮಿ ತುಸು ತಣ್ಣಗಿದ್ದ ಕಾಲದಲ್ಲಿ, ಆ ಹಿಮನದಿ ಮುಂದೆ ಹೊರಟಿತು. 1750ರ ಹೊತ್ತಿಗೆ ಬಯಲನ್ನೆಲ್ಲ ನುಂಗಿ ಅದರ ಮುಂಚಿನ ಕಡಲಿಗೆ ಬಂದು ನಿಂತಿತು. ಜನ ದೋಣಿಗಳಲ್ಲಿ ಹೊರಬಿದ್ದು, ಜಲಸಂಧಿಯ ಆಚೆ ದಂಡೆಯಲ್ಲಿ ನೆಲೆ ನಿಂತರು. ಇಂದಿನ ಹೂನಾ ಎಂಬ ಊರು ಅದು.

ವಿಜ್ಞಾನಿಗಳು ಇದನ್ನು ಮರದ ಬೊಡ್ಡೆಗಳಿಂದಲೂ ಮಣ್ಣಿನ ಪದರದಿಂದಲೂ ಲೆಕ್ಕ ಹಾಕಿ ಹೇಳಿದರು. ಹೂನಾದ ಮುದುಕಿಯರು ಕತೆಯಲ್ಲಿ ಹೇಳುತ್ತ ಬಂದಿದ್ದರು. ಕಾಸ್ಟೀನ್ ಎಂಬ ಹುಡುಗಿ ಮೈನೆರೆದಿದ್ದಳು. ಪದ್ಧತಿಯಂತೆ ಅವಳನ್ನು ಒಬ್ಬಳನ್ನೇ ಮರೆಯಲ್ಲಿ ಕೂರಿಸಿದ್ದರು. ನಮ್ಮ ಕಡೆಯೂ ‘ದೊಡ್ಡಾಕಿ’ ಆದ ಹುಡುಗಿಯನ್ನು ಹೀಗೆ ಕೂರಿಸುತ್ತಿದ್ದದ್ದನ್ನು ನೆನೆದರೆ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಬೇಸರ ಕಳೆಯಲು ಹುಡುಗಿ ತೆರೆ ಎತ್ತಿ, ಒಣಮೀನು ಹಿಡಿದು, ನಾಯಿಯನ್ನು ಕರೆದ ಹಾಗೆ ಹಿಮನದಿಯನ್ನು ಕರೆದಳು. ಅದು ಬಂದೇ ಬಿಟ್ಟಿತು. ಊರು ಬಿಡುವಾಗ ಯಾರಾದರೊಬ್ಬರು ಹಿಂದೆ ಉಳಿಯಬೇಕಾಯಿತು. ಒಂದು ಪಾಠದಲ್ಲಿ ಕಾಸ್ಟೀನಳೇ ಉಳಿಯುತ್ತಾಳೆ. ಇನ್ನೊಂದರಲ್ಲಿ, ಹುಡುಗಿ ಮಕ್ಕಳನ್ನು ಹಡೆಯಬೇಕಾದವಳು, ಅವಳು ಬದುಕಲಿ ಎಂದು ಮುದುಕಿಯೊಬ್ಬಳು ಉಳಿಯುತ್ತಾಳೆ. ದೋಣಿಯಲ್ಲಿ ಕೂತವರು ತಮ್ಮ ಮನೆ ಹಿಮದೊಳಗೆ ಹೋಗುವುದನ್ನು ನೋಡಿದರು. ನಾರಾ ಮತ್ತು ರಿಚರ್ಡ್ ಡೌನ್‌ಹಾವರ್ ದಂಪತಿ ಈ ಕತೆಯನ್ನು ಹೇಳುವವರ ಬಾಯಿಂದಲೇ ಟ್ಲಿಂಗಿಟ್ ಭಾಷೆಯಲ್ಲಿ ಬರೆದುಕೊಂಡು 1987ರಲ್ಲಿ ಅಚ್ಚು ಹಾಕಿಸಿದರು.

1794ರಲ್ಲಿ ಬ್ರಿಟಿಷ್ ನಾವಿಕ ಜಾರ್ಜ್ ವ್ಯಾಂಕೂವರನ ದೋಣಿಗಳು ಆ ದಾರಿಯಲ್ಲಿ ಬಂದಾಗ ಕಂಡದ್ದು ಹಿಮದ ಗೋಡೆ. ಕರಾವಳಿಯಲ್ಲಿ ಐದು ಮೈಲಿಯ ಸಣ್ಣ ತಗ್ಗು ಅಷ್ಟೇ. 1879ರಲ್ಲಿ ಜಾನ್ ಮ್ಯೂರ್ ಬಂದಾಗ ಹಿಮ ಮೂವತ್ತು ಮೈಲಿಗೂ ಹೆಚ್ಚು ಹಿಂದೆ ಸರಿದಿತ್ತು. 1916ರ ಹೊತ್ತಿಗೆ ಅರವತ್ತು ಮೈಲಿ ದಾಟಿತ್ತು. ಬಂದಷ್ಟೇ ಬೇಗ ಹೊರಟುಹೋದ ಹಿಮ ತನ್ನ ಜಾಗದಲ್ಲಿ ಕಡಲನ್ನು ಬಿಟ್ಟು ಹೋಗಿತ್ತು. ‘ಹಿಮನದಿ ಇದ್ದಲ್ಲಿನ ಕೊಲ್ಲಿ’ ಎಂಬ ಅರ್ಥದ ಹೆಸರು ಟ್ಲಿಂಗಿಟ್ ಭಾಷೆಯಲ್ಲಿದೆ. ಇಂಗ್ಲಿಷ್ ಹೆಸರಿಗಿಂತ ಅದರಲ್ಲೇ ಇತಿಹಾಸ ಹೆಚ್ಚು.

ಮ್ಯೂರ್ ಅಮೆರಿಕದ ಕಾಡುಗಳ ಪರವಾಗಿ ಬರೆದ ದೊಡ್ಡ ಲೇಖಕ. ಗ್ಲೇಸಿಯರ್ ಬೇಯನ್ನು ‘ಕಂಡುಹಿಡಿದವನು’ ಎಂದು ಹಲವೆಡೆ ಓದುತ್ತೇವೆ. ಅವನ ಪುಸ್ತಕವನ್ನೇ ತೆರೆದರೆ ಬೇರೆ ಸಂಗತಿ ಸಿಗುತ್ತದೆ. 1879ರ ಅಕ್ಟೋಬರಿನ ಮಳೆಯಲ್ಲಿ ಅವನನ್ನೂ ಹಾಲ್ ಯಂಗ್ ಎಂಬ ಮಿಶನರಿಯನ್ನೂ ಕರೆದೊಯ್ದದ್ದು ಟೊಯಾಟ್ಟೆ ಎಂಬ ಮುಖಂಡನ ದೋಣಿ. ಜೊತೆಗೆ ಕಡಚನ್, ದುಭಾಷಿ ಜಾನ್, ಸಿಟ್ಕಾ ಚಾರ್ಲಿ. ಹುಡುಗನಾಗಿದ್ದಾಗ ಸೀಲ್ ಬೇಟೆಗೆ ಬಂದಿದ್ದ ಚಾರ್ಲಿಗೆ ಅಲ್ಲೊಂದು ಹಿಮದ ಕೊಲ್ಲಿ ಇರುವುದು ಗೊತ್ತಿತ್ತು. ಅಲ್ಲಿ ಉರಿಸಲು ಕಟ್ಟಿಗೆ ಸಿಗುವುದಿಲ್ಲವೆಂದು ದೋಣಿಗೆ ಸೌದೆ ಹೇರಿಸಿದ. ಮುಂದೆ ಅವನಿಗೂ ಗುರುತು ಸಿಗದಷ್ಟು ಜಾಗ ಬದಲಾಗಿತ್ತು. ಆಗ ದಾರಿ ತೋರಿಸಿದವನು ಸೀಲ್ ಬೇಟೆಗಾರರ ಗುಡಿಸಲಿನಲ್ಲಿ ಸಿಕ್ಕ ಒಬ್ಬ ಹೂನಾ ಮನುಷ್ಯ. ಎಂದರೆ ‘ಶೋಧ’ದ ದಿನವೂ ಅಲ್ಲಿ ಜನ ಇದ್ದರು, ಒಲೆ ಉರಿಯುತ್ತಿತ್ತು. ಟೊಯಾಟ್ಟೆ ಮುಂದಿನ ವರ್ಷದ ಆರಂಭದಲ್ಲೇ ರ‍್ಯಾಂಗೆಲ್‌ನಲ್ಲಿ ನಡೆದ ಜಗಳವೊಂದರಲ್ಲಿ ಗುಂಡೇಟಿಗೆ ಸತ್ತ. ಹಿಮನದಿಗೆ ಮ್ಯೂರನ ಹೆಸರು ಬಂತು.

ಮ್ಯೂರ್ ಸ್ಯಾನ್ ಫ್ರಾನ್ಸಿಸ್ಕೊದ ಪತ್ರಿಕೆಗೆ ಬರೆದ ಲೇಖನಗಳು ಜನರನ್ನು ಸೆಳೆದವು. 1883ರಲ್ಲಿ ಜೇಮ್ಸ್ ಕ್ಯಾರಲ್ ಎಂಬ ಕಪ್ತಾನ ‘ಐಡಾಹೊ’ ಎಂಬ ಉಗಿಹಡಗನ್ನು ಪ್ರಯಾಣಿಕರ ಸಮೇತ ಆ ಕೊಲ್ಲಿಯೊಳಗೆ ನುಗ್ಗಿಸಿದ. ಅಲಾಸ್ಕಾವನ್ನು ಅಮೆರಿಕ ರಷ್ಯಾದಿಂದ 72 ಲಕ್ಷ ಡಾಲರಿಗೆ ಕೊಂಡು ಆಗಿನ್ನೂ ಹದಿನಾರು ವರ್ಷ. ಆ ಹಡಗಿನಲ್ಲಿದ್ದ ಎಲೈಜಾ ಸಿಡ್ಮೋರ್ ಎಂಬ ಯುವತಿ 1885ರಲ್ಲಿ ಅಲಾಸ್ಕಾದ ದಕ್ಷಿಣ ಕರಾವಳಿಯ ಬಗ್ಗೆ ಪುಸ್ತಕ ಪ್ರಕಟಿಸಿದಳು. (ಇದೇ ಸಿಡ್ಮೋರ್ ಮುಂದೆ ನಮ್ಮ ದೇಶಕ್ಕೂ ಬಂದು, 1903ರಲ್ಲಿ ಭಾರತದ ಚಳಿಗಾಲದ ಬಗ್ಗೆಯೂ ಒಂದು ಪುಸ್ತಕ ಬರೆದಳು.) ಆಮೇಲೆ ಬೇಸಿಗೆ ಬಂತೆಂದರೆ ಪೆಸಿಫಿಕ್ ಕೋಸ್ಟ್ ಸ್ಟೀಮ್‌ಶಿಪ್ ಕಂಪನಿಯ ಹಡಗುಗಳು ಹೊರಟವು. ಮ್ಯೂರ್ ಹಿಮನದಿಯ ಬುಡದಲ್ಲಿ ಪ್ರವಾಸಿಗರನ್ನು ಇಳಿಸುತ್ತಿದ್ದರು, ನಡೆಯಲು ಹಲಗೆಯ ಹಾದಿ ಹಾಕಿದ್ದರು; ಉದ್ದ ಲಂಗದ ಹೆಂಗಸರೂ ಹಿಮದ ಮೇಲೆ ಹತ್ತುತ್ತಿದ್ದರು. ದಾರಿಯ ಊರುಗಳಲ್ಲಿ ಟ್ಲಿಂಗಿಟ್ ಹೆಂಗಸರು ಬುಟ್ಟಿ ಹೆಣೆದು ಮಾರಲು ಕೂತಿರುತ್ತಿದ್ದರು. ಇವತ್ತಿನ ಐಷಾರಾಮಿ ಕ್ರೂಸಿನ ಎಲ್ಲ ಅಂಗಗಳೂ ಆಗಲೇ ಇದ್ದವು. 1899ರ ಸೆಪ್ಟೆಂಬರ್ 10ರ ದೊಡ್ಡ ಭೂಕಂಪ ಹಿಮನದಿಯನ್ನು ಒಡೆದು ಕೊಲ್ಲಿಯ ತುಂಬ ಹಿಮಬಂಡೆ ಚೆಲ್ಲಿದ್ದರಿಂದ ಕೆಲವು ವರ್ಷ ಹಡಗುಗಳು ಹತ್ತಿರ ಹೋಗಲಾಗಲಿಲ್ಲ.

ಅದೇ 1899ರ ಬೇಸಿಗೆಯಲ್ಲಿ, ಭೂಕಂಪಕ್ಕೆ ಮೊದಲು, ಆ ಕರಾವಳಿಯಲ್ಲಿ ಒಂದು ವಿಚಿತ್ರ ಹಡಗು ಸಾಗಿತು. ಎಡ್ವರ್ಡ್ ಹ್ಯಾರಿಮನ್ ರೈಲ್ವೆ ಧಣಿ. ದಣಿದಿದ್ದೀರಿ, ವಿಶ್ರಾಂತಿ ಬೇಕು ಎಂದರು ವೈದ್ಯರು. ಅವನು ‘ಜಾರ್ಜ್ ಡಬ್ಲ್ಯೂ. ಎಲ್ಡರ್’ ಎಂಬ ಹಡಗನ್ನೇ ಗೊತ್ತು ಮಾಡಿ ಹೊಸದಾಗಿ ಸಜ್ಜುಗೊಳಿಸಿದ. ಹೆಂಡತಿ ಮಕ್ಕಳ ಜೊತೆಗೆ ದೇಶದ ಹೆಸರಾಂತ ವಿಜ್ಞಾನಿಗಳನ್ನೂ ಚಿತ್ರಕಾರರನ್ನೂ ಹತ್ತಿಸಿಕೊಂಡ. ಮ್ಯೂರ್ ಇದ್ದ, ಪ್ರಕೃತಿ ಪ್ರಬಂಧಕಾರ ಜಾನ್ ಬರೋಸ್ ಇದ್ದ, ಹಕ್ಕಿಗಳ ಚಿತ್ರ ಬರೆಯುವ ಫ್ಯುರ್ಟಿಸ್ ಇದ್ದ, ಆಗಿನ್ನೂ ಹೆಸರಾಗದ ಛಾಯಾಗ್ರಾಹಕ ಎಡ್ವರ್ಡ್ ಕರ್ಟಿಸ್ ಇದ್ದ. ಒಟ್ಟು 126 ಜನ, ಒಂದು ಗ್ರಂಥಾಲಯ, ಒಂದು ಪಿಯಾನೊ, ಊಟಕ್ಕೆ ಕುರಿ ಕೋಳಿ, ಹಾಲಿಗೆ ಆಕಳು. ಮೇ 31ರಂದು ಸಿಯಾಟಲ್ ಬಿಟ್ಟು ಸೈಬೀರಿಯದ ದಂಡೆ ಮುಟ್ಟಿ ಜುಲೈ ಕೊನೆಗೆ ಮರಳಿದರು. ಜ್ಞಾನಕ್ಕೆ ಅದರಿಂದ ಬಂದ ಲಾಭ ಸಣ್ಣದಲ್ಲ. ಸಂಪುಟಗಟ್ಟಲೆ ವರದಿಗಳು ಅಚ್ಚಾದವು. ಧಣಿಯ ಆಸೆ ಮಾತ್ರ ಕರಡಿ. ಕೋಡಿಯಾಕ್ ದ್ವೀಪದಲ್ಲಿ ತಾಯಿ ಕರಡಿಯೊಂದು, ಅದರ ಮರಿ ಅವರ ಗುಂಡಿಗೆ ಬಿದ್ದವು. ಮ್ಯೂರನಿಗೆ ಅದು ಹಿಡಿಸಲಿಲ್ಲ.

ಮರಳುವ ದಾರಿಯಲ್ಲಿ, ಜುಲೈ 26ರಂದು, ಹಡಗು ಕೇಪ್ ಫಾಕ್ಸ್ ಎಂಬಲ್ಲಿ ನಿಂತಿತು. ದಂಡೆಯಲ್ಲಿ ಮರದ ಮನೆಗಳು, ಮುಂದೆ ಕೆತ್ತಿದ ಟೋಟೆಮ್ ಕಂಬಗಳು. ಮನೆಗಳಲ್ಲಿ ಯಾರೂ ಇರಲಿಲ್ಲ. ಸಾನ್ಯಾ ಟ್ಲಿಂಗಿಟ್ ಜನ ಶಾಲೆ, ಚರ್ಚು ಇದ್ದ ಸ್ಯಾಕ್ಸ್‌ಮನ್ ಎಂಬ ಹೊಸ ಊರಿಗೆ ಹೋಗಿ ಕೆಲವು ವರ್ಷಗಳಾಗಿದ್ದವು. ಹಡಗಿನವರು ಇದು ಪಾಳುಬಿದ್ದ ಊರು ಎಂದು ತೀರ್ಮಾನಿಸಿ ಕಂಬಗಳನ್ನು ಕಿತ್ತು, ಮನೆಯೊಳಗಿನ ಕೆತ್ತನೆಗಳನ್ನು ಎತ್ತಿ ಹಡಗಿಗೆ ಹೇರಿದರು. ಟೋಟೆಮ್ ಕಂಬ ಅಲಂಕಾರದ ವಸ್ತುವಲ್ಲ. ಅದು ಕುಲದ ವಂಶಾವಳಿ, ಹಕ್ಕುಪತ್ರ, ಹಿರಿಯರ ನೆನಪು ಮೂರೂ ಹೌದು. ಗುಡಿಗೆ ಬೀಗ ಹಾಕಿ ಜನ ಜಾತ್ರೆಗೆ ಮಾತ್ರ ಬರುವ ಊರುಗಳು ನಮ್ಮಲ್ಲೂ ಇವೆ. ಅಲ್ಲಿಯ ದೇವರನ್ನು ವಾರಸುದಾರರಿಲ್ಲ ಎಂದು ಎತ್ತಿಕೊಂಡು ಹೋದ ಹಾಗೆ ಆಯಿತು. ಮ್ಯೂರ್ ಇಲ್ಲಿಯೂ ಸಿಟ್ಟಾದ ಎನ್ನುತ್ತಾರೆ. ಆದರೆ ಹಡಗಿನವರು ಆ ಕಂಬಗಳ ಮುಂದೆ ನಿಂತು ಕರ್ಟಿಸನ ಕ್ಯಾಮೆರಾಕ್ಕೆ ಫೋಟೋ ತೆಗೆಸಿಕೊಂಡರು.

ಇದನ್ನು ಓದುವಾಗ ಸುರಪುರದ ಮೆಡೋಸ್ ಟೇಲರ್ ನೆನಪಾಗದೆ ಇರುವುದಿಲ್ಲ. ಟೇಲರ್ ಸಾಹೇಬ ಒಳ್ಳೆಯವನೇ. ಎಳೆಯ ರಾಜ ವೆಂಕಟಪ್ಪ ನಾಯಕ ಅವನನ್ನು ‘ಅಪ್ಪಾ’ ಎನ್ನುತ್ತಿದ್ದ, ಗುಡ್ಡದ ಮೇಲಿನ ಟೇಲರ್ ಮಂಜಿಲ್ ಈಗಲೂ ಇದೆ. ನಮ್ಮ ಸೀಮೆಯ ಬೃಹತ್ ಶಿಲಾ ಸಮಾಧಿಗಳನ್ನು ಮೊದಲು ಅಗೆಸಿ, ಅಳತೆ ಮಾಡಿ, ಐರ್ಲೆಂಡಿನ ರಾಯಲ್ ಅಕಾಡೆಮಿಯ ಸಂಪುಟದಲ್ಲಿ ಬರೆದವನು ಅವನೇ. ಅವನು ಬರೆಯದಿದ್ದರೆ ನಮಗೆ ಎಷ್ಟೋ ತಿಳಿಯುತ್ತಿರಲಿಲ್ಲ. ಆದರೂ ಸತ್ತವರ ಎಲುಬಿನ ಪಕ್ಕದ ಗಡಿಗೆ ಎತ್ತುವಾಗ ಯಾರನ್ನು ಕೇಳಬೇಕಿತ್ತು ಎಂಬ ಪ್ರಶ್ನೆ ಅಲ್ಲಿಯೂ ಉಳಿದೇ ಇದೆ. ಕೇಪ್ ಫಾಕ್ಸ್‌ನಲ್ಲಿ ಕೇಳಬೇಕಾದವರು ಬದುಕಿದ್ದರು. ಹೊಸ ಊರಿನಲ್ಲೇ ಇದ್ದರು.

ಕಂಬಗಳು ಅಮೆರಿಕದ ಬೇರೆ ಬೇರೆ ವಸ್ತುಸಂಗ್ರಹಾಲಯಗಳಿಗೆ ಹಂಚಿಹೋದವು. ನೂರೆರಡು ವರ್ಷದ ನಂತರ, 2001ರಲ್ಲಿ, ಸ್ಮಿತ್ ಕಾಲೇಜಿನ ವಿದ್ವಾಂಸರು ಹ್ಯಾರಿಮನ್ನನ ದಾರಿಯಲ್ಲೇ ‘ಕ್ಲಿಪ್ಪರ್ ಒಡಿಸ್ಸಿ’ ಎಂಬ ಹಡಗಿನಲ್ಲಿ ಹೊರಟರು. ಐದು ಸಂಸ್ಥೆಗಳು ಆ ಸಲ ತಮ್ಮಲ್ಲಿದ್ದ ಕಂಬಗಳನ್ನೂ ಕೆತ್ತನೆಗಳನ್ನೂ ಹಿಂತಿರುಗಿಸಿದವು. ಕೆಚಿಕಾನ್ ಬಂದರಿನಲ್ಲಿ ಮರಿಮಕ್ಕಳು ಅವನ್ನು ಬರಮಾಡಿಕೊಂಡರು.

ಗ್ಲೇಸಿಯರ್ ಬೇಯ ಹೂನಾ ಜನರಿಗೆ ಆದದ್ದು ಬೇರೆ ಬಗೆ. ಹಿಮ ಹಿಂದೆ ಸರಿದಂತೆ ಅವರು ಮತ್ತೆ ಕೊಲ್ಲಿಗೆ ಬರತೊಡಗಿದ್ದರು: ಸೀಲ್ ಬೇಟೆಗೆ, ಮೀನಿಗೆ, ಬೇಸಿಗೆಯಲ್ಲಿ ಕಡಲಹಕ್ಕಿಯ ಮೊಟ್ಟೆಗೆ. 1925ರಲ್ಲಿ ಸರ್ಕಾರ ಅದನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿತು. ಹಿಮ ಬಿಟ್ಟ ನೆಲದಲ್ಲಿ ಪಾಚಿಯಿಂದ ಕಾಡಿನವರೆಗೆ ಗಿಡಗಳು ಹೇಗೆ ಬರುತ್ತವೆ ಎಂದು ನೋಡಲು ವಿಲಿಯಂ ಕೂಪರ್ ಎಂಬ ಸಸ್ಯವಿಜ್ಞಾನಿಗೆ ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ. ಉದ್ದೇಶ ಒಳ್ಳೆಯದೇ. ಆದರೆ ಆ ನೆಲ ‘ಯಾರೂ ಮುಟ್ಟದ್ದು’ ಆಗಬೇಕಾದರೆ ಮುಟ್ಟುತ್ತಿದ್ದವರು ಹೊರಗುಳಿಯಬೇಕಿತ್ತು. ಒಂದೊಂದಾಗಿ ನಿಯಮ ಬಿಗಿಯಾಗಿ, 1970ರ ದಶಕದಲ್ಲಿ ಸೀಲ್ ಬೇಟೆಯೂ ನಿಂತಿತು. ಮೊದಲ ಸಲ ಊರು ಬಿಡಿಸಿದ್ದು ಹಿಮ. ಎರಡನೆಯ ಸಲ ಕಾನೂನು. ಕಡಲಹಕ್ಕಿಯ ಮೊಟ್ಟೆ ಆಯುವ ಹಕ್ಕನ್ನು ಮರಳಿ ಕೊಡಲು 2014ರಲ್ಲಿ ಅಮೆರಿಕದ ಸಂಸತ್ತು ಒಂದು ಕಾಯ್ದೆಯನ್ನೇ ಮಾಡಬೇಕಾಯಿತು.

ಹಡಗುಗಳಿಗೂ ಲಗಾಮು ಬಿತ್ತು, ತಡವಾಗಿ. 1978ರ ಬೇಸಿಗೆಯಲ್ಲಿ ತಿಮಿಂಗಿಲಗಳು ನಡುವಿನಲ್ಲೇ ಕೊಲ್ಲಿ ಬಿಟ್ಟು ಹೋದ ಮೇಲೆ ಹಡಗುಗಳ ಸಂಖ್ಯೆಗೂ ವೇಗಕ್ಕೂ ಮಿತಿ ಹಾಕಿದರು. ಈಗ ದಿನಕ್ಕೆ ಎರಡೇ ದೊಡ್ಡ ಹಡಗು. ಹೊರಗೆ ಅಂಥ ಸಂಕೋಚವಿಲ್ಲ. ಸುಮಾರು 32,000 ಜನರ ರಾಜಧಾನಿ ಜೂನೊಗೆ 2023ರ ಒಂದೇ ಹಂಗಾಮಿನಲ್ಲಿ 16 ಲಕ್ಷಕ್ಕೂ ಹೆಚ್ಚು ಹಡಗು ಪ್ರವಾಸಿಗರು ಬಂದರು. ಶನಿವಾರವಾದರೂ ಹಡಗು ಬೇಡ ಎಂದು ಕೆಲವರು ಮತಕ್ಕೆ ಹಾಕಿಸಿದರು. 2024ರಲ್ಲಿ ಅದು ಸೋತಿತು. ಹೂನಾದವರು ಮಾತ್ರ ಜಾಣತನ ಮಾಡಿದರು. ತಮ್ಮೂರಿನ ಹಳೆಯ ಮೀನು ಡಬ್ಬಿ ಕಾರ್ಖಾನೆಯನ್ನು 2004ರಲ್ಲಿ ಪ್ರವಾಸಿ ಬಂದರಾಗಿ ಮಾಡಿಕೊಂಡರು. ಅದರ ಒಡೆತನ ಅವರ ಸಮುದಾಯದ ಕಂಪನಿಯದೇ. ಮೊದಲ ಮ್ಯೂರ್ ಹಿಮನದಿ ಈಗ ಕಡಲನ್ನೇ ಮುಟ್ಟುವುದಿಲ್ಲ. ಗುಡ್ಡದ ಸಂದಿಗೆ ಸರಿದಿದೆ.

2016ರ ಆಗಸ್ಟ್ 25ರಂದು ಹೂನಾ ಜನ ತಾವೇ ಕೊರೆದ ಮರದ ದೋಣಿಗಳಲ್ಲಿ ಹುಟ್ಟು ಹಾಕುತ್ತ ಕೊಲ್ಲಿಯ ಬಾಯಿಗೆ ಬಂದು, ಬಾರ್ಟ್‌ಲೆಟ್ ಕೋವ್‌ನಲ್ಲಿ ಹಿರಿಯರ ಮನೆಯೊಂದನ್ನು ತೆರೆದರು. ಹಿಮದಡಿ ಹೋದ ಮನೆಗಳ ನಂತರ ಆ ಕೊಲ್ಲಿಯಲ್ಲಿ ಎದ್ದ ಮೊದಲ ಕುಲದ ಮನೆ ಅದು.

ಇದನ್ನೆಲ್ಲ ಕಾಕಾನಿಗೆ ಹೇಳಿದೆ. ಹಿರಿಯರ ಮನೆಯ ಫೋಟೋ ತೋರಿಸಿದೆ. ದೊಡ್ಡ ಹಡಗುಗಳು ಅಲ್ಲಿ ನಿಲ್ಲುವುದಿಲ್ಲ. ಉದ್ಯಾನದ ಅಧಿಕಾರಿಗಳು, ಕೆಲವೊಮ್ಮೆ ಹೂನಾದವರೊಬ್ಬರು, ಹಡಗು ಹತ್ತಿ ಆ ಜಾಗದ ಕತೆ ಹೇಳುತ್ತಾರೆ ಎಂದೆ. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು.

‘ಹೌದೌದು. ಮೈಕಿನಾಗ ಒಬ್ಬ ಹೆಣ್ಮಗಳು ಭಾಳ ಹೊತ್ತು ಮಾತಾಡಿದ್ಳು. ಹಿಮ ಬೀಳೂದು ಈಗ ಕಾಣ್ತದ ನೋಡು ಅಂತ ನಮ್ಮ ಹುಡುಗ ಆ ಕಡಿ ಕರ್ಕೊಂಡು ಹೋದ. ಅಕಿ ಏನಂದ್ಳೋ, ಕೇಳಿಸ್ಕೊಳ್ಳಲಿಲ್ಲ.’