ಕೊಟ್ಟವರು ಕಾಣದ ಕೋಣೆ

ದೇವರಿಗೆ ಅರ್ಪಿಸುವ ಪದ್ಧತಿ ಮನುಷ್ಯನಷ್ಟೇ ಹಳೆಯದು. ಆದಮರ(ಅ) ಇಬ್ಬರು ಪುತ್ರರ ಪೈಕಿ ಒಬ್ಬನ ಅರ್ಪಣೆ ಸ್ವೀಕೃತವಾಯಿತು, ಇನ್ನೊಬ್ಬನದು ಆಗಲಿಲ್ಲ ಎಂದು ಕುರ್‌ಆನ್ ತಿಳಿಸುತ್ತದೆ. ಹಾಗಾದರೆ ಅರ್ಪಣೆಯ ಬೆಲೆಯನ್ನು ಅಳೆಯುವುದು ಹೇಗೆ? ಜೆರುಸಲೇಮಿನಲ್ಲಿದ್ದ ಬನೀ ಇಸ್ರಾಈಲರ ದೇವಾಲಯದ ಇತಿಹಾಸ ಈ ಪ್ರಶ್ನೆಗೆ ಕುತೂಹಲಕರವಾದ ಉತ್ತರವನ್ನು ನೀಡುತ್ತದೆ.

ಪ್ರವಾದಿ ಸುಲೈಮಾನರು(ಅ) ಕಟ್ಟಿಸಿದರೆನ್ನಲಾದ ಮೊದಲ ದೇವಾಲಯವನ್ನು ಬ್ಯಾಬಿಲೋನಿಯದವರು ಕ್ರಿ.ಪೂ. 6ನೇ ಶತಮಾನದಲ್ಲಿ ನಾಶಪಡಿಸಿದರು. ಅದೇ ಶತಮಾನದ ಕೊನೆಗೆ ಎದ್ದ ಎರಡನೆಯ ದೇವಾಲಯವು ಕ್ರಿ.ಶ. 70ರಲ್ಲಿ ರೋಮನ್ ಸೈನ್ಯಕ್ಕೆ ಬಲಿಯಾಯಿತು.

ಅಲ್ಲಿ ಪಾಪ ಪರಿಹಾರಕ್ಕಾಗಿ ಕುರಿ ಅಥವಾ ಆಡನ್ನು ಅರ್ಪಿಸಬೇಕಾದ ಕೆಲವು ಸಂದರ್ಭಗಳಿದ್ದವು. ಅದಕ್ಕೆ ಶಕ್ತಿಯಿಲ್ಲದವನು ಎರಡು ಬೆಳವಕ್ಕಿ ಅಥವಾ ಪಾರಿವಾಳದ ಮರಿಗಳನ್ನು ತಂದರೆ ಸಾಕು. ಅದೂ ಆಗದಿದ್ದರೆ ಸುಮಾರು ಎರಡು ಲೀಟರಿನಷ್ಟು ಹಿಟ್ಟು. ಯಾಜಕಕಾಂಡದ ಪ್ರಕಾರ ಮೂವರಿಗೂ ಸಿಗುವ ಕ್ಷಮೆ ಒಂದೇ. ಹಿಟ್ಟು ತಂದವನಿಗೆ ಅರ್ಧ ಕ್ಷಮೆ ಎಂಬುದಿರಲಿಲ್ಲ!

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ನಿಯಮವೂ ಇತ್ತು. ಇಪ್ಪತ್ತು ವರ್ಷ ದಾಟಿದ ಪ್ರತಿಯೊಬ್ಬ ಗಂಡಸೂ ಅರ್ಧ ಶೆಕೆಲ್ ಬೆಳ್ಳಿ ಕೊಡಬೇಕು. ಶ್ರೀಮಂತ ಹೆಚ್ಚು ಕೊಡುವಂತಿಲ್ಲ, ಬಡವ ಕಡಿಮೆ ಮಾಡುವಂತಿಲ್ಲ. ನಿತ್ಯದ ಸಾರ್ವಜನಿಕ ಬಲಿ ನಡೆಯುತ್ತಿದ್ದುದು ಈ ಹಣದಿಂದ. ಆದ್ದರಿಂದ ಅದು ತನ್ನ ಕೊಡುಗೆ ಎಂದು ಬೀಗುವ ಅವಕಾಶ ಯಾವ ಧನಿಕನಿಗೂ ಇರಲಿಲ್ಲ.

ಕ್ರಿ.ಶ. 200ರ ಸುಮಾರಿಗೆ ಸಂಕಲನಗೊಂಡ ಯಹೂದಿ ಧರ್ಮಶಾಸ್ತ್ರ ಗ್ರಂಥ ಮಿಶ್ನಾ, ದೇವಾಲಯದಲ್ಲಿದ್ದ ಒಂದು ‘ಗುಟ್ಟಿನ ಕೋಣೆ’ಯ ಬಗ್ಗೆ ಹೇಳುತ್ತದೆ. ಧರ್ಮಭೀರುಗಳು ಅಲ್ಲಿ ಸದ್ದಿಲ್ಲದೆ ಹಣವಿಟ್ಟು ಹೋಗುತ್ತಿದ್ದರು. ಬಾಳಿ ಬದುಕಿ ಬಡತನಕ್ಕೆ ಬಿದ್ದ ಮನೆತನದವರು ಸದ್ದಿಲ್ಲದೆ ಅದರಿಂದ ನೆರವು ಪಡೆಯುತ್ತಿದ್ದರು. ಕೊಟ್ಟವರಿಗೆ ಪಡೆದವರ ಮುಖ ಗೊತ್ತಿಲ್ಲ, ಪಡೆದವರಿಗೆ ಕೊಟ್ಟವರ ಹೆಸರು ಗೊತ್ತಿಲ್ಲ.

ಹಾಗೆಂದು ಅಲ್ಲಿ ಎಲ್ಲವೂ ಸರಿಯಿತ್ತೆಂದಲ್ಲ. ಬಡವರನ್ನು ತುಳಿದು ಬಲಿಪೀಠ ತುಂಬುವವರನ್ನು ಆಮೋಸ, ಯೆಶಾಯರಂತಹವರು ಮೊದಲ ದೇವಾಲಯದ ಕಾಲದಲ್ಲೇ ಕಟುವಾಗಿ ಖಂಡಿಸಿದ್ದರು. ಮುಂದೆ ಎರಡನೆಯ ದೇವಾಲಯ ಉರಿದುಹೋದಾಗ, ಇನ್ನು ಪಾಪಕ್ಕೆ ಪರಿಹಾರವೆಲ್ಲಿ ಎಂದು ಮರುಗಿದ ಶಿಷ್ಯನಿಗೆ ರಬ್ಬಿ ಯೋಹಾನಾನ್ ಬೆನ್ ಝಕ್ಕಾಯ್, ಜನರಿಗೆ ತೋರುವ ದಯೆಯೇ ಆ ಪರಿಹಾರ ಎಂದು ಸಾಂತ್ವನ ಹೇಳಿದರೆಂದು ಯಹೂದಿ ಪರಂಪರೆ ನೆನೆಯುತ್ತದೆ.

ಕುರ್‌ಆನಿನ ಬೋಧನೆಯೂ ಇದಕ್ಕೆ ದೂರವಿಲ್ಲ. ಬಲಿಮೃಗದ ಮಾಂಸವಾಗಲಿ ರಕ್ತವಾಗಲಿ ಅಲ್ಲಾಹನನ್ನು ತಲುಪುವುದಿಲ್ಲ, ತಲುಪುವುದು ಭಕ್ತಿ ಮಾತ್ರ ಎಂಬುದು ಅದರ ನಿಲುವು. ಬಹಿರಂಗ ದಾನವನ್ನು ಅದು ಒಳ್ಳೆಯದೆನ್ನುತ್ತದೆ, ಬಡವರಿಗೆ ಗುಟ್ಟಾಗಿ ಕೊಡುವುದನ್ನು ಇನ್ನೂ ಉತ್ತಮವೆನ್ನುತ್ತದೆ. ಕೊಟ್ಟದ್ದನ್ನು ಎತ್ತಿ ಆಡಿ ನೋಯಿಸಿದರೆ ದಾನವೇ ವ್ಯರ್ಥವೆಂದು ಎಚ್ಚರಿಸುತ್ತದೆ.

ಈಗ ನಮ್ಮತ್ತ ನೋಡೋಣ. ರಮಝಾನ್ ಬಂತೆಂದರೆ ಅಕ್ಕಿ, ಬೇಳೆಯ ಕಿಟ್‌ಗಳ ವಿತರಣೆ ನಡೆಯುತ್ತದೆ. ಸಂತೋಷ. ಆದರೆ ಒಂದು ಚೀಲಕ್ಕೆ ನಾಲ್ಕು ಕೈಗಳು, ಎದುರಿಗೆ ಕ್ಯಾಮರಾ, ನಡುವೆ ತಲೆ ತಗ್ಗಿಸಿ ನಿಂತ ಒಬ್ಬ ವಿಧವೆ. ಮರುದಿನ ಆ ಚಿತ್ರ ಊರೆಲ್ಲರ ಮೊಬೈಲಿನಲ್ಲಿ. ಆಕೆಯ ಮಗ ಅದನ್ನು ತನ್ನ ಗೆಳೆಯರ ನಡುವೆ ನೋಡಬೇಕಾಗುತ್ತದೆ. ಲೆಕ್ಕ ಒಪ್ಪಿಸಲು ರಶೀದಿ ಸಾಕು, ಮುಖ ಬೇಕಿಲ್ಲ.

ಜೆರುಸಲೇಮಿನ ಆ ಕೋಣೆ ಮಣ್ಣುಪಾಲಾಗಿ ಸುಮಾರು ಎರಡು ಸಾವಿರ ವರ್ಷಗಳಾದವು. ಅಂಥದೊಂದು ಕೋಣೆ ನಮ್ಮ ಪ್ರತಿ ಮೊಹಲ್ಲಾದಲ್ಲೂ ಇರಬಾರದೇಕೆ?