ನೋವಿಲ್ಲದ ಹುಣ್ಣು: ವೆಲ್ಲೂರಿನಿಂದ ಔರಾದ್‌ವರೆಗೆ ಒಂದು ಪಾದದ ಇತಿಹಾಸ

ಇಯರ್‌ಫೋನ್ ಹಾಕ್ಕೊಂಡು ಕೇಳ್ತಿದ್ದೀರಾ? ಇವತ್ತಿನ ಕಥೆ ನಿಮ್ಮ ಅಪ್ಪ-ಅಮ್ಮನ ಅಂಗಾಲಿನದ್ದು.

ಬೀದರ್ ಕಡೆ ಈ ಮಾತು ಕೇಳಿರ್ತೀರಿ: "ಹುಣ್ಣು ಆಗ್ಯಾದ್ರಿ, ಆದ್ರ ನೋವೇನೂ ಇಲ್ಲ." ನೋವಿಲ್ಲ ಅಂದ್ರೆ ಸಣ್ಣದು ಅಂದ್ಕೋತೀವಿ. ಸಕ್ಕರೆ ಕಾಯಿಲೆಯಲ್ಲಿ ಈ ಲೆಕ್ಕ ಉಲ್ಟಾ. ವರ್ಷಗಟ್ಟಲೆ ಸಕ್ಕರೆ ಹೆಚ್ಚಿದ್ದರೆ ಪಾದದ ನರಗಳು ಸೊರಗುತ್ತವೆ. ಮುಳ್ಳು ಚುಚ್ಚಿದ್ದೂ, ಚಪ್ಪಲಿ ಕಚ್ಚಿದ್ದೂ ಗೊತ್ತಾಗಲ್ಲ. ಅದೇ ಗಾಯದ ಮೇಲೆ ದಿನವಿಡೀ ನಡೀತಾರೆ.

1922ರಲ್ಲಿ ಟೊರೊಂಟೊದಲ್ಲಿ ಮೊದಲ ಸಲ ರೋಗಿಗೆ ಇನ್ಸುಲಿನ್ ಕೊಟ್ಟರು. ಆಯುಷ್ಯ ಹೆಚ್ಚಿತು. ಜೊತೆಗೆ, ನರಗಳು ಸವೆಯುವಷ್ಟು ಕಾಲ ಈ ಕಾಯಿಲೆ ಜೊತೆ ಬದುಕುವವರೂ ಹೆಚ್ಚಿದರು. ಅವರ ಕಾಲು ಉಳಿಸುವ ಪಾಠ ಬಂದಿದ್ದು ಮಾತ್ರ ನಮ್ಮ ದಕ್ಷಿಣ ಭಾರತದಿಂದ, ಕುಷ್ಠರೋಗಿಗಳಿಂದ.

1946ರಲ್ಲಿ ಡಾಕ್ಟರ್ ಪಾಲ್ ಬ್ರ್ಯಾಂಡ್ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಕುಷ್ಠದಲ್ಲಿ ಮಾಂಸ ತಾನಾಗೇ ಕೊಳೆಯುತ್ತೆ ಅಂತ ಜನ ನಂಬಿದ್ದ ಕಾಲ ಅದು. ಬ್ರ್ಯಾಂಡ್ ಗಮನಿಸಿದ್ದು ಬೇರೆ: ನೋವಿನ ಎಚ್ಚರಿಕೆ ಇಲ್ಲದೆ, ಗಾಯದ ಮೇಲೆ ಗಾಯವಾಗಿ ಪಾದ ಹಾಳಾಗುತ್ತಿತ್ತು. ಹಾಗಾದ್ರೆ ಮದ್ದು? ಗಾಯದ ಮೇಲಿನ ಭಾರ ತಪ್ಪಿಸಬೇಕು, ಮೆತ್ತನೆ ರಬ್ಬರ್ ಚಪ್ಪಲಿ ಕೊಡಬೇಕು. 1966ರಲ್ಲಿ ಅವರು ಅಮೆರಿಕದ ಕಾರ್ವಿಲ್‌ಗೆ ಹೋದರು. ಅಲ್ಲಿ ಇದೇ ಪಾಠ ಸಕ್ಕರೆ ರೋಗಿಗಳ ಪಾದಕ್ಕೂ ಉಪಯೋಗಕ್ಕೆ ಬಂತು.

ಈಗ ನಮ್ಮೂರಿಗೆ ಬನ್ನಿ. ಬೀದರ್ ಹೈದರಾಬಾದ್ ರಾಜ್ಯ ಬಿಟ್ಟು ಮೈಸೂರು ರಾಜ್ಯ ಸೇರಿದ್ದು 1956ರಲ್ಲಿ. ಸರ್ಕಾರಿ ಮೆಡಿಕಲ್ ಕಾಲೇಜು, ಅಂದ್ರೆ ಬ್ರಿಮ್ಸ್, ಶುರುವಾಗಿದ್ದು 2007ರಲ್ಲಿ. ನಡುವೆ ಅರ್ಧ ಶತಮಾನ.

ಇವತ್ತು ಡಾಕ್ಟರ್ ಹೇಳೋದು ಒಂದೇ ಮಾತು: "ಕಾಲು ಊರಬೇಡಿ." ಆದ್ರೆ ಭಾಲ್ಕಿಯ ರೈತ ಸೋಯಾ, ತೊಗರಿ ಬಿತ್ತೋ ಹೊತ್ತಲ್ಲಿ ಕಾಲು ಊರದೇ ಇರೋದು ಹೇಗೆ? ಔರಾದ್‌ನ ಹಳ್ಳಿಯಿಂದ ಡ್ರೆಸ್ಸಿಂಗ್‌ಗೆ ಬೀದರ್‌ಗೆ ಬಂದ್ರೆ ಅವತ್ತಿನ ಕೂಲಿ ಹೋಯ್ತು, ಜೊತೆಗೆ ಬಂದ ಮಗನದ್ದೂ ಹೋಯ್ತು. ಹುಣ್ಣು ವಾಸನೆ ಹಿಡಿದ್ರೆ ಮದುವೆ ಮನೆಯಲ್ಲಿ ಮೂಲೆ ಹುಡುಕ್ತಾರೆ. ಔರಾದ್‌ನ ಅಮರೇಶ್ವರ ಗುಡಿ, ಬೀದರ್‌ನ ನಾನಕ್ ಝೀರಾ, ಎಲ್ಲೇ ಹೋದ್ರೂ ಚಪ್ಪಲಿ ಬಿಡಬೇಕು. ಝರಣಿ ನರಸಿಂಹನ ದರ್ಶನಕ್ಕಂತೂ ಗುಹೆಯ ನೀರಲ್ಲೇ ನಡೀಬೇಕು. ಕಾಲು ಹೋಗೋ ಮುಂಚೆನೇ ಕೂಲಿ ಹೋಗುತ್ತೆ, ನಾಲ್ಕು ಜನರ ಜೊತೆ ಕೂರೋ ಧೈರ್ಯ ಹೋಗುತ್ತೆ. ವೈದ್ಯಕೀಯ ಇತಿಹಾಸ ಹುಣ್ಣಿನ ಅಳತೆ ಬರೆದಿಟ್ಟಿದೆ. ಈ ನಷ್ಟ ಬರೆಯೋರು ಕಡಿಮೆ.

ಅದಕ್ಕೇ ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಮನೆಯಲ್ಲಿ ಶುಗರ್ ಇರೋರ ಅಂಗಾಲು, ಬೆರಳ ಸಂದು ಮೊಬೈಲ್ ಟಾರ್ಚ್‌ನಲ್ಲಿ ನೋಡಿ. ಅವರು ಕಣ್ಣು ಮುಚ್ಚಿಕೊಳ್ಳಲಿ. ನೀವು ಎರಡೂ ಪಾದದ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನ ಒಂದೆರಡು ಸೆಕೆಂಡ್ ಹಗುರವಾಗಿ ಮುಟ್ಟಿ. ಮುಟ್ಟಿದ್ದು ಗೊತ್ತಾಗಲಿಲ್ಲ ಅಂದ್ರೆ ಬೇಗ ಡಾಕ್ಟರ್‌ಗೆ ತೋರಿಸಿ. ಹುಣ್ಣು ಕಂಡರಂತೂ ನಾಳೆಗೇ ಹೊರಡಿ.

"ನೋವಿಲ್ಲಪ್ಪ, ಬಿಡು" ಅಂತಾರೆ. ಬಿಡಬೇಡಿ.